ಅಟ್ಟದ ಮೇಲಿನ ದನಿಗಳು

ನಮ್ಮ ಮನೆಯ ಅಟ್ಟದಲ್ಲಿ ಒಂದು ಕಾಲಕ್ಕೆ ಎರಡು ಬಗೆಯ ಸಂಪತ್ತಿತ್ತು. ಒಂದು, ಅಡಿಗೆಮನೆಯ ಹೊಗೆ ತಾಗಲೆಂದು ಹರಡಿಟ್ಟ ಅಡಕೆ. ಇನ್ನೊಂದು, ಹೊಗೆ ತಾಗಬಾರದೆಂದು ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ನೂರ ನಲವತ್ತು ಚಿಲ್ಲರೆ ಕ್ಯಾಸೆಟ್ಟುಗಳು. ಅಡಕೆಯನ್ನು ಕೇಳಿಕೊಂಡು ಪ್ರತಿವರ್ಷವೂ ಜನ ಬರುತ್ತಿದ್ದರು. ಕ್ಯಾಸೆಟ್ಟುಗಳನ್ನು ಕೇಳುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದರು. ಕೊನೆಗೆ ಅವನ್ನು ಹಾಕಿ ಕೇಳುವ ಯಂತ್ರವೇ ಕೆಟ್ಟು ಮೂಲೆ ಸೇರಿತು. ನಾನು ಕಾಲೇಜಿನಿಂದ ನಿವೃತ್ತನಾಗಿ ಕೊಪ್ಪದ ಹತ್ತಿರದ ನಮ್ಮ ಹಳ್ಳಿಯ ಮನೆಗೆ ಮರಳಿದ ವರ್ಷ, ಒಂದು ಸೋನೆಮಳೆಯ ಮಧ್ಯಾಹ್ನ, ಆ ಪೆಟ್ಟಿಗೆಯನ್ನು ಕೆಳಗಿಳಿಸಿ ತೆರೆದೆ. ಮೇಲಿನ ಸಾಲಿನ ಕ್ಯಾಸೆಟ್ಟುಗಳ ಕಿಟಕಿಯಲ್ಲಿ ಬಿಳಿಯ ಬೂಷ್ಟು ಕಾಣಿಸಿತು. ಅವುಗಳಲ್ಲೊಂದರ ಮೇಲೆ ನನ್ನದೇ ಅಕ್ಷರದಲ್ಲಿ ‘ಅಮ್ಮ, ಹಸೆಹಾಡು, 1986’ ಎಂದು ಬರೆದಿತ್ತು.

ಈ ಹೊತ್ತಿನ ನನ್ನ ಮಾತು ಆ ಪೆಟ್ಟಿಗೆಯಿಂದ ಆರಂಭವಾದ ಒಂದು ಉದ್ಯೋಗವನ್ನು ಕುರಿತದ್ದು. ಮನೆಯಲ್ಲಿಯೇ ಒಂದು ಗಣಕಯಂತ್ರವನ್ನಿಟ್ಟು, ಅದರಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯನ್ನು ನೆಲೆಗೊಳಿಸಿ, ಹಾಡು ಮಾತು ಚಲಚ್ಚಿತ್ರಗಳನ್ನೆಲ್ಲ ಅದರಲ್ಲಿ ಕೂಡಿಟ್ಟು, ಮನೆಮಂದಿಗೆ ಬೇಕೆಂದಾಗ ಬಡಿಸುವ ಕೆಲಸವದು. ಬಲ್ಲವರು ಇದನ್ನು ಮೀಡಿಯಾ ಸರ್ವರ್ ಎನ್ನುತ್ತಾರೆ. ಕನ್ನಡ ಎಂ.ಎ. ಮಾಡಿದವನಿಗೆ ಇದರಲ್ಲೇನು ಕೆಲಸ ಎಂದು ತಾವು ಕೇಳಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಮಾಡುತ್ತ ಹೋದಂತೆ, ಮಾನಸಗಂಗೋತ್ರಿಯಲ್ಲಿ ಗ್ರಂಥಸಂಪಾದನೆಯ ಪರೀಕ್ಷೆಗೆಂದು ಓದಿದ್ದೆಲ್ಲ ಇಲ್ಲಿ ಬೇರೆ ವೇಷದಲ್ಲಿ ಎದುರು ಬಂದು ನಿಂತಿತು.

ನಮ್ಮ ನಾಡಿನಲ್ಲಿ ದನಿಯ ರುಚಿ ಹತ್ತಿಸಿದ್ದು ರೇಡಿಯೋ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಮುಂದೆ ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಮನೆಯೊಂದರಲ್ಲಿ ಕುಳಿತು ಊರಿಗೆಲ್ಲ ದನಿ ಕೇಳಿಸುವ ಹವ್ಯಾಸ ನಮಗೆ ಹೊಸದೇನಲ್ಲ ಎಂದು ಹೇಳುವುದಕ್ಕಾಗಿ ಇದನ್ನು ನೆನೆದೆ. ಮಲೆನಾಡಿನವರಾದ ನಮಗೆ 1965ರಲ್ಲಿ ಭದ್ರಾವತಿಯ ನಿಲಯ ಬಂದ ಮೇಲೆ ಬಾನುಲಿ ಮನೆಯ ಮಾತಾಯಿತು. ರೇಡಿಯೋ ಹೇಳಿ ಮರೆಯಾಗುತ್ತಿತ್ತು. ಹಿಡಿದಿಡುವ ಆಸೆಯನ್ನು ಈಡೇರಿಸಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ನಮ್ಮ ಕಡೆಯ ಮನೆಗಳಿಗೆ ಬರಲು ಹದಿನೈದು ವರ್ಷವೇ ಹಿಡಿಯಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕವಿತೆ ಅಂಗಡಿಯಲ್ಲಿ ಮಾರುವ ವಸ್ತುವಾಯಿತು. ಎಂಬತ್ತರ ದಶಕದಲ್ಲಿ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟು ಇಲ್ಲದ ಯಕ್ಷಗಾನದ ಮನೆಯನ್ನು ನಾನು ಕಂಡಿಲ್ಲ. ಅವರು 1990ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಅಪಘಾತದಲ್ಲಿ ತೀರಿಕೊಂಡ ಮೇಲೆ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅವರ ಕಂಠ ಪ್ರತಿಯಾಗುತ್ತ ಊರೂರು ತಿರುಗಿತು.

ಹೀಗೆ ಪ್ರತಿಯಿಂದ ಪ್ರತಿಯಾಗುವಲ್ಲಿಯೇ ನನ್ನ ಹಳೆಯ ವಿದ್ಯೆ ನೆನಪಾದದ್ದು. ಕ್ಯಾಸೆಟ್ಟಿನ ಪ್ರತಿಯ ಪ್ರತಿಯಲ್ಲಿ ಹಿಸ್ಸೆನ್ನುವ ಸದ್ದು ಏರುತ್ತದೆ, ಚಂಡೆಯ ಮೊನಚು ಮೊಂಡಾಗುತ್ತದೆ. ಓಲೆಗರಿಯ ಲಿಪಿಕಾರನು ಕಣ್ತಪ್ಪಿನಿಂದ ಬಿಟ್ಟ ಅಕ್ಷರವನ್ನು ಮುಂದಿನವನು ಹಾಗೆಯೇ ಬಿಡುತ್ತಾನೆ, ಜೊತೆಗೆ ತನ್ನದೊಂದನ್ನು ಸೇರಿಸುತ್ತಾನೆ. ಆದ್ದರಿಂದ ಒಂದೇ ಪ್ರಸಂಗದ ನಾಲ್ಕು ಕ್ಯಾಸೆಟ್ಟುಗಳು ಸಿಕ್ಕಿದರೆ, ಯಾವುದು ಯಾವುದರ ಮಗು ಎಂದು ಮೊದಲು ವಂಶವೃಕ್ಷವನ್ನು ಕಟ್ಟಬೇಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಪ್ರಕಟವಾದದ್ದು. ಅದು ಕ್ಯಾಸೆಟ್ಟುಗಳಿಗೆಂದು ಬರೆದ ಪುಸ್ತಕವಲ್ಲ. ಆದರೂ ಆ ತಿಂಗಳುಗಳಲ್ಲಿ ನನ್ನ ಮೇಜಿನ ಮೇಲೆ ತೆರೆದೇ ಇದ್ದ ಪುಸ್ತಕ ಅದೊಂದೇ. ಬೆರಳೆಣಿಕೆಯಲ್ಲಿ ಸಾಗಿಸುವ ಗಣಕದ ಪ್ರತಿಯಲ್ಲಿ ಈ ಸವಕಳಿಯಿಲ್ಲ. ನೂರನೆಯ ಪ್ರತಿಯೂ ಮೊದಲನೆಯದಕ್ಕೆ ಅಕ್ಷರಶಃ ಸಮಾನ. ಲಿಪಿಕಾರರ ಸಾವಿರ ವರ್ಷದ ಕನಸು ಇದು. ಆದರೆ ಇದರಲ್ಲಿರುವ ಅಪಾಯ ಬೇರೆ ತೆರನದು; ಅದನ್ನು ಮುಂದೆ ಹೇಳುತ್ತೇನೆ.

ದನಿಯನ್ನು ಇಳಿಸಿಕೊಳ್ಳುವುದಕ್ಕೆ ಅವಸರ ಕೂಡದು. ಒಂದು ಗಂಟೆಯ ಕ್ಯಾಸೆಟ್ಟು ಇಳಿಯಲು ಒಂದು ಗಂಟೆಯೇ ಬೇಕು. ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ತುಸು ಕಡಿಮೆ ವೇಗದಲ್ಲಿ ಟೇಪು ಸಾಗುತ್ತದೆ, ಅದನ್ನು ಓಡಿಸುವಂತಿಲ್ಲ. ಬೂಷ್ಟು ಹಿಡಿದದ್ದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಅದು ಯಂತ್ರದ ತಲೆಗೂ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಡಬ್ಬಿಯನ್ನು ಬಿಚ್ಚಿ, ಸುರುಳಿಯ ಅಂಚನ್ನು ಮೆದುವಾಗಿ ಒರೆಸಿ, ಬೇರೊಂದು ಒಳ್ಳೆಯ ಡಬ್ಬಿಯೊಳಗೆ ಕೂರಿಸಬೇಕು. ಟೇಪನ್ನು ತಲೆಗೆ ಒತ್ತಿ ಹಿಡಿಯುವ ಸಣ್ಣ ಬಟ್ಟೆಯ ತುಂಡು ಅಂಟು ಬಿಟ್ಟು ಉದುರಿದ್ದರೆ ಅದನ್ನೂ ಮತ್ತೆ ಅಂಟಿಸಬೇಕು. ಎಲ್ಲಕ್ಕಿಂತ ಉಪಕಾರವಾದದ್ದು ಒಂದು ತಿರುಪುಮೊಳೆಯ ಜ್ಞಾನ. ಮುದ್ರಿಸಿದ ಯಂತ್ರದ ತಲೆ ಕೂದಲೆಳೆಯಷ್ಟು ವಾರೆಯಿದ್ದರೆ, ಕೇಳಿಸುವ ಯಂತ್ರದ ತಲೆಯನ್ನೂ ಅಷ್ಟೇ ವಾರೆ ಮಾಡಿಕೊಳ್ಳಬೇಕು; ಆಗ ಮಂಕಾಗಿದ್ದ ದನಿ ಒಮ್ಮೆಲೇ ಕಣ್ಣು ಬಿಡುತ್ತದೆ. ತಿರುಪನ್ನು ಕಾಲು ಸುತ್ತು ತಿರುಗಿಸಿದಾಗ ತಾಯಿಯ ಹಾಡಿನಲ್ಲಿ ‘ಸ’ಕಾರ ‘ಶ’ಕಾರಗಳು ಬೇರೆ ಬೇರೆಯಾಗಿ ಕೇಳಿಸಿದವು. ತೀರಿಕೊಂಡು ಇಪ್ಪತ್ತು ವರ್ಷ ದಾಟಿದವರ ಉಚ್ಚಾರಣೆ ಅದು. ನಾನು ಸ್ವಲ್ಪ ಹೊತ್ತು ಯಂತ್ರವನ್ನು ನಿಲ್ಲಿಸಿದೆ.

ಆ ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಹೆಂಚಿನ ಮೇಲೆ ಮಳೆ ಸುರಿಯುವ ಸದ್ದಿದೆ. ಗಣಕದಲ್ಲಿ ಇಂಥ ಸದ್ದನ್ನು ತೆಗೆದುಹಾಕುವ ಉಪಾಯವುಂಟು. ‘ಸರ್, ಕ್ಲೀನ್ ಮಾಡಿಬಿಡಲೇ?’ ಎಂದು ನನಗೆ ಈ ವಿದ್ಯೆಯನ್ನು ಕಲಿಸಿದ ಹಳೆಯ ವಿದ್ಯಾರ್ಥಿ ಕೇಳಿದ. ಮಾಡಿ ನೋಡಿದೆವು. ಮಳೆ ನಿಂತಿತು; ಅದರ ಜೊತೆಗೆ ಪದದ ಕೊನೆಯಲ್ಲಿ ಉಸಿರಾಗಿ ಕರಗುವ ಅಕ್ಷರಗಳೂ ನಿಂತುಹೋದವು. ಪಾಠ ಕೆಟ್ಟಿದೆಯೆಂದು ಸಂಪಾದಕನು ತನ್ನ ಊಹೆಯನ್ನು ಮೂಲದೊಳಗೇ ಬರೆದುಬಿಟ್ಟರೆ ಆಗುವ ಅನರ್ಥ ಇದೇ. ಊಹಾಪಾಠಕ್ಕೆ ಅಡಿಟಿಪ್ಪಣಿಯಲ್ಲಿ ಜಾಗವಿದೆ. ಆದ್ದರಿಂದ ಮೂಲವನ್ನು ಮಳೆಯ ಸಮೇತ ಹಾಗೆಯೇ ಉಳಿಸಿ, ತಿದ್ದಿದ್ದನ್ನು ಬೇರೆ ಕಡತವಾಗಿ ಪಕ್ಕದಲ್ಲಿಡುವ ನಿಯಮವನ್ನು ಹಾಕಿಕೊಂಡೆ. ಮೂಲವನ್ನು ಫ್ಲಾಕ್ ಎಂಬ ರೂಪದಲ್ಲಿಡುತ್ತೇನೆ. ಇದರಲ್ಲಿ ದನಿ ಒತ್ತಾಗಿ ಅಡಕವಾಗುತ್ತದೆ, ಆದರೆ ಏನೂ ಕಳೆದುಹೋಗುವುದಿಲ್ಲ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಗಂಟೆಯ ದನಿಗೆ ಸುಮಾರು 635 ಮೆಗಾಬೈಟು ಬೇಕು. ಫ್ಲಾಕ್ ಅದನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತದೆ. ಎಂಪಿ3 ಇನ್ನೂ ಚಿಕ್ಕದು; ಆದರೆ ಕಿವಿಗೆ ಕೇಳಿಸಲಾರದೆಂದು ತಾನು ತೀರ್ಮಾನಿಸಿದ್ದನ್ನು ಅದು ಎಸೆದುಬಿಡುತ್ತದೆ.

ಇನ್ನು ಯಂತ್ರದ ವಿಷಯ. ಯಾವುದೋ ಕಚೇರಿಯವರು ಮಾರಿದ ಹಳೆಯ ಗಣಕವೊಂದನ್ನು ಕಡಿಮೆ ಬೆಲೆಗೆ ಕೊಂಡು, ತಲಾ ನಾಲ್ಕು ಟೆರಾಬೈಟಿನ ಎರಡು ತಟ್ಟೆಗಳನ್ನು ಜೋಡಿಸಿದೆ. ಹಗಲಿರುಳು ನಡೆದರೂ ಸರಾಸರಿ ನಲವತ್ತು ವಾಟ್. ತಿಂಗಳಿಗೆ ಇಪ್ಪತ್ತೊಂಬತ್ತು ಯೂನಿಟ್ ಆಗುತ್ತದೆ. ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಪ್ರಭೇದವಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನುಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ತಿರುಳಿಗೆ, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು ಸೇರಿ ಆದದ್ದು ಈ ವ್ಯವಸ್ಥೆ. ಇಯಾನ್ ಮುರ್ಡಾಕ್ 1993ರಲ್ಲಿ ಡೆಬಿಯನ್ನನ್ನು ಆರಂಭಿಸಿದಾಗ ತನ್ನ ಪ್ರೇಯಸಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಅಂಕಿತವಿಟ್ಟ. ನಮ್ಮ ಕವಿಗಳಿಗೂ ತೋಚದ ಸಮಾಸ! ಸಂಗ್ರಹವನ್ನು ಬಡಿಸುವ ತಂತ್ರಾಂಶದ ಹೆಸರು ಜೆಲ್ಲಿಫಿನ್. ಎಂಬಿ ಎಂಬ ತಂತ್ರಾಂಶದವರು 2018ರಲ್ಲಿ ತಮ್ಮ ಮೂಲಬರಹವನ್ನು ಮುಚ್ಚಿಕೊಂಡಾಗ, ಅದುವರೆಗೆ ಬಹಿರಂಗವಾಗಿದ್ದ ಪಾಠವನ್ನು ಕೆಲವರು ಎತ್ತಿಕೊಂಡು ಮುಂದುವರಿಸಿದರು. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಹಸ್ತಪ್ರತಿಯ ಶಾಖೆ ಒಡೆಯಿತು.

ಅಂತರಜಾಲದಲ್ಲಿ ಎಲ್ಲವೂ ಸಿಗುವಾಗ ಈ ತಾಪತ್ರಯವೇಕೆ ಎಂದು ನಮ್ಮ ಮನೆಯಲ್ಲಿಯೇ ಕೇಳಿದವರಿದ್ದಾರೆ. ಮೊದಲನೆಯದಾಗಿ, ನನ್ನ ತಾಯಿಯ ಹಾಡು ಅಲ್ಲಿಲ್ಲ. ಮತ್ತೊಂದು, ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ವಾರಗಟ್ಟಲೆ ಹೊರಗಿನ ಸಂಪರ್ಕವಿರುವುದಿಲ್ಲ. ಮನೆಯ ಸರ್ವರಿಗೆ ಹೊರಗಿನ ತಂತಿ ಬೇಡ. ಸೌರಫಲಕದ ಬ್ಯಾಟರಿಯಲ್ಲಿ ಸ್ವಲ್ಪ ಜೀವವಿದ್ದರೆ ಸಾಕು, ಒಳಗಿನ ವೈಫೈ ಮೂಲಕವೇ ಜಗಲಿಯಲ್ಲಿ ಕುಳಿತು ತಾಳಮದ್ದಲೆ ಕೇಳಬಹುದು. ಜೋರು ಮಳೆಯಲ್ಲಿ ಮೂರು ಮನೆಯವರು ನಮ್ಮ ಜಗಲಿಗೆ ಬಂದು ಕೂತ ಸಂಜೆಗಳೂ ಉಂಟು.

ಚಲಚ್ಚಿತ್ರಗಳನ್ನು ನಾನು ಹೆಚ್ಚು ಸೇರಿಸಿಲ್ಲ. ‘ಸಂಸ್ಕಾರ’ವನ್ನು ಬಿಡಲಾಗಲಿಲ್ಲ, ಪಟ್ಟಾಭಿರಾಮರೆಡ್ಡಿಯವರು ಆ ಚಿತ್ರವನ್ನು ತೆಗೆದದ್ದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ಇದೆ. ಆ ಚಿತ್ರದ ಹಳೆಯ ಸುರುಳಿಗಳನ್ನು ಶುದ್ಧೀಕರಿಸಿ ಹೊಸದಾಗಿ ಸಿದ್ಧಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಲ್ಪಟ್ಟಿತು. ಚಿತ್ರದ ಹೆಸರಿನ ಮುಂದೆ 1970, 1977 ಎಂದು ವರ್ಷವನ್ನು ಬರೆದಿಡದಿದ್ದರೆ ಜೆಲ್ಲಿಫಿನ್ ತನಗೆ ತೋಚಿದ ಯಾವುದೋ ಸಿನಿಮಾದ ಪೋಸ್ಟರನ್ನು ತಂದು ಅಂಟಿಸುತ್ತದೆ. ಪ್ರಾಣೇಶಾಚಾರ್ಯರ ಜಾಗದಲ್ಲಿ ಕೋವಿ ಹಿಡಿದ ಯುವಕನೊಬ್ಬ ನಿಂತದ್ದನ್ನು ನಾನು ಕಂಡಿದ್ದೇನೆ. ಕೊಂಡ ಕ್ಯಾಸೆಟ್ಟು, ಕೊಂಡ ಚಿತ್ರಗಳು ನಮ್ಮ ಮನೆಯ ಹೊಸಿಲು ದಾಟುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1957ರ ಕೃತಿಸ್ವಾಮ್ಯ ಕಾಯಿದೆ ಸ್ವಂತದ ಬಳಕೆಗೆ, ಅಧ್ಯಯನಕ್ಕೆ ಒಂದಿಷ್ಟು ಎಡೆ ಕೊಟ್ಟಿದೆ. ಊರಿಗೆಲ್ಲ ಹಂಚಲು ಕೊಟ್ಟಿಲ್ಲ. ಪ್ರಕಟವಾದ ಧ್ವನಿಮುದ್ರಿಕೆಯ ಹಕ್ಕು ಅರವತ್ತು ವರ್ಷ ಇರುತ್ತದೆ.

ಹೆಸರಿಡುವ ಕೆಲಸಕ್ಕೆ ಬರುತ್ತೇನೆ. ನನಗೆ ಅತ್ಯಂತ ಪ್ರಿಯವಾದ, ಅತ್ಯಂತ ಕಾಟ ಕೊಟ್ಟ ಭಾಗ ಇದೇ. ಎಲ್ಲವನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವೆನೆಂದು ಹಠ ಹಿಡಿದೆ. ನಮ್ಮ ಜಿಲ್ಲೆಯವರೇ ಆಗಿದ್ದ ತೇಜಸ್ವಿಯವರು ಮೂಡಿಗೆರೆಯಲ್ಲಿ ಕುಳಿತು ಗಣಕದಲ್ಲಿ ಕನ್ನಡಕ್ಕಾಗಿ ಕೊನೆಯವರೆಗೂ ಹೋರಾಡಿದರು. ಆ ಜಿಲ್ಲೆಯವನಾಗಿ ಇಂಗ್ಲಿಷಿನಲ್ಲಿ ಹೆಸರಿಡಲು ಮನಸ್ಸು ಬರಲಿಲ್ಲ. ಪ್ರಸಂಗದ ಹೆಸರು, ಭಾಗವತರು, ಅರ್ಥಧಾರಿಗಳು, ಊರು, ತಿಥಿ ಎಲ್ಲವನ್ನೂ ಸೇರಿಸಿ ಒಂದು ಕಡತಕ್ಕೆ ನೀಳವಾದ ಹೆಸರು ಬರೆದೆ. ಹೆಸರು ಉದ್ದವಾಯಿತೆಂದು ಯಂತ್ರ ತಿರಸ್ಕರಿಸಿತು. ಅದರ ಲೆಕ್ಕದಲ್ಲಿ ಹೆಸರಿಗೆ 255 ಬೈಟುಗಳ ಮಿತಿಯಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟಾದರೆ, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಆರು ಸಂಕೇತ, ಹದಿನೆಂಟು ಬೈಟು. ಅಂದಿನಿಂದ ಹೆಸರನ್ನು ಗಿಡ್ಡ ಮಾಡಿ, ವಿವರಗಳನ್ನು ಕಡತದೊಳಗಿನ ಟಿಪ್ಪಣಿಗೆ ಸಾಗಿಸಿದೆ.

ಇನ್ನೊಮ್ಮೆ ರಾಜ್‌ಕುಮಾರರ ಹಾಡುಗಳು ಎರಡು ಕಪಾಟುಗಳಲ್ಲಿ ಹಂಚಿಹೋಗಿದ್ದವು. ಎರಡರ ಮೇಲೂ ಒಂದೇ ಹೆಸರು. ಎಷ್ಟು ದಿಟ್ಟಿಸಿದರೂ ಭೇದ ಕಾಣಲಿಲ್ಲ. ಒಂದು ಕಡೆ ‘ಜ’ಕಾರಕ್ಕೆ ‘ಕ’ಕಾರ ಒತ್ತಾಗದಿರಲೆಂದು ನಡುವೆ ಹಾಕುವ, ಕಣ್ಣಿಗೆ ಕಾಣದ ಸಂಕೇತವೊಂದು ಎರಡು ಬಾರಿ ಬಿದ್ದಿತ್ತು. ಮುದ್ರಣದೋಷವನ್ನು ಹಿಡಿಯುವುದರಲ್ಲಿ ಮೂವತ್ತು ವರ್ಷ ಸವೆಸಿದ ನನಗೆ, ಕಾಣದ ಅಕ್ಷರದ ಕರಡು ತಿದ್ದುವ ಯೋಗವೂ ಬಂತು. ವಿಳಾಸವೇ ತಪ್ಪಿದ ಕ್ಯಾಸೆಟ್ಟುಗಳ ಕಥೆ ಬೇರೆ. ‘ಉಪನಯನ, ಹರಿಹರಪುರ’ ಎಂದು ಚೀಟಿಯಿದ್ದದ್ದರಲ್ಲಿ ಪೂರ್ತಿ ಸಿನಿಮಾ ಹಾಡು. ಬೇಸತ್ತು ನಿಲ್ಲಿಸುವಷ್ಟರಲ್ಲಿ ಕೊನೆಯ ನಾಲ್ಕು ನಿಮಿಷ, ಅಳಿಸಿಹೋಗದೆ ಉಳಿದ ಉಪನಯನದ ಮನೆಯ ಗದ್ದಲ: ಪಾತ್ರೆಗಳ ಸದ್ದು, ಮಂತ್ರ, ಯಾರೋ ಮಗುವನ್ನು ಗದರಿಸುವುದು, ನಡುವೆ ನಮ್ಮ ತಂದೆಯವರ ನಗೆ. ಅವರ ದನಿ ಬೇರೆಲ್ಲೂ ನನ್ನಲ್ಲಿರಲಿಲ್ಲ.

ಸುದ್ದಿ ಹರಡಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯಿಂದ ಜನ ಕ್ಯಾಸೆಟ್ಟು ತಂದುಕೊಡತೊಡಗಿದರು. 2022ರ ಜನವರಿಯಲ್ಲಿ ಕಿಗ್ಗದ ಕಡೆಯ ಒಂದು ಮನೆಯವರು ಅಂಟಿಗೆ ಪಂಟಿಗೆಯ ಕ್ಯಾಸೆಟ್ಟೊಂದನ್ನು ತಂದರು. ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ಗುಂಪು ದೀಪ ಹಿಡಿದು, ಆರದಂತೆ ಕಾಪಾಡುತ್ತ, ಮನೆಯಿಂದ ಮನೆಗೆ ಹಾಡಿಕೊಂಡು ಹೋಗುವ ಪದ್ಧತಿ ನಮ್ಮ ಕಡೆಯ ಶ್ರೋತೃಗಳಿಗೆ ಗೊತ್ತಿದ್ದದ್ದೇ. ಆ ಮನೆಯ ಅಜ್ಜ ಮುಂದಾಳಾಗಿ ಹಾಡಿದ ಹದಿನಾಲ್ಕು ಪದಗಳು ಅದರಲ್ಲಿದ್ದವು, 1991ರ ಮುದ್ರಣ. ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು. ಇಳಿಸಿಕೊಂಡು ಕ್ಯಾಸೆಟ್ಟನ್ನು ಹಿಂದಿರುಗಿಸಿದೆ. ‘ಇನ್ನು ಹೆದರಬೇಡಿ, ಇದು ಎಲ್ಲಿಗೂ ಹೋಗುವುದಿಲ್ಲ’ ಎಂದು ನನ್ನ ಬಾಯಿಂದಲೇ ಹೇಳಿದೆ.

ನನ್ನ ಏರ್ಪಾಡು ಹೀಗಿತ್ತು. ಮೊದಲನೆಯ ತಟ್ಟೆಯಲ್ಲಿ ಸಂಗ್ರಹ. ಪ್ರತಿರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಎಂಬ ಸಾಧನ ಅದನ್ನು ಎರಡನೆಯದಕ್ಕೆ ನಕಲು ಮಾಡುವುದು. ನಕಲು ಅಚ್ಚುಕಟ್ಟಾಗಿರಲೆಂದು, ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲಿಯೂ ಅಳಿಸು ಎಂಬ ಸೂಚನೆಯನ್ನು ಕೊಟ್ಟಿದ್ದೆ. ಮೂರನೆಯ ಪ್ರತಿ ವರ್ಷಕ್ಕೊಮ್ಮೆ, ದೀಪಾವಳಿಗೆ, ನರಸಿಂಹರಾಜಪುರದ ತಮ್ಮನ ಮನೆಗೆ ಹೋಗುತ್ತಿತ್ತು. ಕರೆಂಟು ಹೋಗಿ ಬಂದಾಗ ಯಂತ್ರ ಅರ್ಧದಲ್ಲಿ ನಿಲ್ಲದಿರಲೆಂದು, ಒಂದು ತಟ್ಟೆ ಸಿಗದಿದ್ದರೂ ಮುಂದುವರಿ ಎಂಬ ಇನ್ನೊಂದು ಸೂಚನೆಯೂ ಇತ್ತು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ವಿವೇಕವೇ.

2022ರ ಜುಲೈ ತಿಂಗಳ ಒಂದು ರಾತ್ರಿ ಸಿಡಿಲಿನ ಹೊಡೆತಕ್ಕೆ ಮೊದಲನೆಯ ತಟ್ಟೆ ಸತ್ತಿತು. ಕರೆಂಟು ಬಂದೊಡನೆ ಯಂತ್ರ ನನ್ನ ಅಪ್ಪಣೆಯಂತೆ ಅದಿಲ್ಲದೆಯೇ ಎದ್ದಿತು. ತಟ್ಟೆ ಇರಬೇಕಾದ ಜಾಗದಲ್ಲಿ ಬರಿದಾದ ಕಪಾಟೊಂದಿತ್ತು. ಎರಡು ಗಂಟೆಗೆ ಆರ್‌ಸಿಂಕ್ ಬಂದು ನೋಡಿತು: ಮೂಲದಲ್ಲಿ ಏನೂ ಇಲ್ಲ. ಆದ್ದರಿಂದ ಪ್ರತಿಯಲ್ಲಿಯೂ ಏನೂ ಇರಕೂಡದೆಂದು ಶ್ರದ್ಧೆಯಿಂದ ಎಲ್ಲವನ್ನೂ ಅಳಿಸಿತು. ಶೂನ್ಯವನ್ನೂ ತಪ್ಪಿಲ್ಲದೆ ನಕಲು ಮಾಡಬಲ್ಲ ಲಿಪಿಕಾರ! ಕಣ್ತಪ್ಪುವ ಮನುಷ್ಯನಾಗಿದ್ದರೆ ಖಾಲಿ ಓಲೆಯನ್ನು ಕಂಡು ಯಾರನ್ನಾದರೂ ಎಬ್ಬಿಸುತ್ತಿದ್ದ.

ಬೆಳಗ್ಗೆ ಗಾಬರಿಯಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಅಳಿಸಿದ ಕಡತ ಆ ಕ್ಷಣವೇ ನಾಶವಾಗುವುದಿಲ್ಲ. ಅದರ ಜಾಗ ತೆರವಾಗಿದೆಯೆಂದು ಗುರುತಾಗುತ್ತದೆ, ಅಷ್ಟೆ. ಯಂತ್ರವನ್ನು ಆರಿಸಿ ಬಲ್ಲವರ ಬಳಿಗೆ ಒಯ್ದಿದ್ದರೆ ಬಹುಪಾಲು ಸಿಗುತ್ತಿತ್ತು. ನಾನು ತಮ್ಮನ ಮನೆಯ ಪ್ರತಿಯನ್ನು ತರಿಸಿ, ಅದೇ ತಟ್ಟೆಯ ಮೇಲೆ ಸುರಿದೆ. ತಾಯಿಯ ಹಾಡೂ ತಂದೆಯ ನಗೆಯೂ ಮರಳಿ ಬಂದವು. ಹಿಂದಿನ ದೀಪಾವಳಿಯಿಂದೀಚಿನ ಎಂಟು ತಿಂಗಳ ಕೆಲಸ ಮಾತ್ರ ಆ ಸುರಿತದ ಅಡಿಯಲ್ಲಿ ಹೂತುಹೋಯಿತು. ಕಿಗ್ಗದ ಹದಿನಾಲ್ಕು ಪದಗಳೂ ಅದರಲ್ಲಿದ್ದವು.

ಕ್ಯಾಸೆಟ್ಟು ಇದೆಯಲ್ಲ, ಮತ್ತೆ ಇಳಿಸಿಕೊಂಡರಾಯಿತು ಎಂದು ಮಳೆಯಲ್ಲಿಯೇ ಅವರ ಮನೆಗೆ ಹೋದೆ. ಮೇ ತಿಂಗಳಲ್ಲಿ ಹೆಂಚು ತೆಗೆದು ಮಾಡು ಹೊಸದು ಮಾಡಿಸಿದ್ದರು. ಅಟ್ಟದ ಹಳೆಯ ಸಾಮಾನನ್ನೆಲ್ಲ ಎಸೆದಿದ್ದರು. ಮನೆಯ ಯಜಮಾನರು ಕಾಫಿ ಕೊಟ್ಟು, ‘ಕ್ಯಾಸೆಟ್ಟು ಇಟ್ಕಳನ ಅಂತಿದ್ದೆ ಮೇಷ್ಟ್ರೆ. ನಿಮ್ಮನೇಲಿ ಭದ್ರ ಇದ್ಯಲ ಅಂತ ಅದನ್ನೂ ಹಾಕ್ಬಿಟ್ವಿ’ ಎಂದರು. ನಾನು ವಿಷಯ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಅದೇ ಕಷ್ಟವಾಯಿತು.

ಹೊರಡುವಾಗ ಅವರ ಮಗ, ಪದವಿಗೆ ಓದುತ್ತಿದ್ದ ಹುಡುಗ, ಅಂಗಳದವರೆಗೆ ಬಂದು ಮೊಬೈಲು ತೆಗೆದ. ಜನವರಿಯಲ್ಲಿ ಅವನು ಕೇಳಿದನೆಂದು ಬಾಗಿಲು ತೆರೆಸುವ ಪದವೊಂದನ್ನು ಅವನ ಹಳೆಯ ಮೊಬೈಲಿಗೆ ಹಿಡಿಸುವಂತೆ ಕುಗ್ಗಿಸಿ, ಎಂಪಿ3 ಮಾಡಿ ನಾನೇ ಕೊಟ್ಟಿದ್ದೆ. ಮರೆತೇಹೋಗಿತ್ತು. ಅವನು ಅದನ್ನು ಉಳಿಸಿಕೊಂಡಿದ್ದ. ಗ್ಯಾಸ್ ದೀಪದ ಸುಯ್ಯೆನ್ನುವ ಸದ್ದು ಅದರಲ್ಲಿಲ್ಲ, ಹಿಮ್ಮೇಳದವರ ದನಿ ಒಂದಕ್ಕೊಂದು ಅಂಟಿಕೊಂಡಿದೆ. ಅಜ್ಜನ ಕಂಠ ಮಾತ್ರ ಸ್ಪಷ್ಟವಾಗಿದೆ.

ಈಗ ನನ್ನ ಯಂತ್ರ ಬೇರೆ ರೀತಿ ನಡೆಯುತ್ತದೆ. ಮೂಲದಲ್ಲಿ ಒಂದು ಗುರುತಿನ ಕಡತವಿಟ್ಟಿದ್ದೇನೆ. ಅದು ಕಾಣದಿದ್ದರೆ ನಕಲು ಆರಂಭವೇ ಆಗುವುದಿಲ್ಲ. ಅಳಿಸುವ ಸೂಚನೆಯನ್ನು ತೆಗೆದುಹಾಕಿ, ದಿನಾಂಕವಾರು ಪ್ರತಿಗಳನ್ನು ಉಳಿಸುತ್ತೇನೆ. ಪ್ರತಿಯೊಂದು ಕಡತಕ್ಕೂ ಅಂಕೆಯ ಮೊಹರೊಂದನ್ನು ಲೆಕ್ಕ ಹಾಕಿಟ್ಟು ತಿಂಗಳಿಗೊಮ್ಮೆ ತಾಳೆ ನೋಡುತ್ತೇನೆ. ಮಳೆಗಾಲದಲ್ಲಿ ನರಸಿಂಹರಾಜಪುರಕ್ಕೆ ಎರಡು ಸಲ ಹೆಚ್ಚಿಗೆ ಬಸ್ಸು ಹತ್ತುತ್ತೇನೆ. ಯಾರಾದರೂ ಕ್ಯಾಸೆಟ್ಟು ತಂದರೆ, ಇಳಿಸಿದ ಮೇಲೆ ಅದನ್ನು ಎಸೆಯುವುದಿಲ್ಲವೆಂದು ಅವರಿಂದ ಮಾತು ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಜಾಗವಿಲ್ಲವೆಂದರೆ ನಮ್ಮ ತಗಡಿನ ಪೆಟ್ಟಿಗೆಯಿದೆ.

ಆ ಒಂದು ಪದದ ಟಿಪ್ಪಣಿಯಲ್ಲಿ ‘ಮೂಲ ಲುಪ್ತ. ಈ ಪ್ರತಿ ಗಾಯಕರ ಮೊಮ್ಮಗನ ಮೊಬೈಲಿನಿಂದ’ ಎಂದು ಬರೆದಿಟ್ಟಿದ್ದೇನೆ. ಅಜ್ಜನ ಗುಂಪಿನಲ್ಲಿ ಹಿಂದೆ ಹಾಡುತ್ತಿದ್ದ ಇಬ್ಬರ ಮನೆಗಳು ಗುಡ್ಡದ ಆಚೆಗಿವೆಯಂತೆ. ಅಂದು ರಾತ್ರಿ ಮುದ್ರಿಸಿದ್ದರ ಇನ್ನೊಂದು ಪ್ರತಿ ಅಲ್ಲಿಗೆ ಹೋಗಿದ್ದಿರಬಹುದು. ಆ ಹುಡುಗ ಮಾತನಾಡಿಸಿ ಬಂದಿದ್ದಾನೆ. ಅಟ್ಟ ಹುಡುಕಿಸಬೇಕು, ಮಳೆ ಬಿಟ್ಟ ಮೇಲೆ ಬನ್ನಿ ಎಂದಿದ್ದಾರೆ.